ಬನ್ನಿ ಅಂತ ಕೊಟ್ರ ಬನ್ನಿನೇ ಇರಬೇಕು: ಹಾಳಿ ಅಂಟಿಸಿ ಹೆಸರು ಹಿಡಿದ ನನ್ನ ಅನುಭವ

ಚೀಲ ತುಂಬೋದು, ಬೀಜ ನೆನಿಹಾಕೋದು ನರ್ಸರಿಯವರಿಗೆ ನಾ ಹೇಳಿಕೊಡೋದೇನಿಲ್ಲ, ಅದನ್ನ ಬಿಡ್ತೀನಿ. ಹೆಸರಿನ ವಿಷಯ ಒಂದ ಹೇಳ್ತೀನಿ, ಯಾಕಂದ್ರ ಕೊಪ್ಪಳದಾಗ ನಾ ಗಿಡದ ಗುರುತಿಗಂತ ಒತ್ತಿ ಒಣಗಿಸಿದ ಟೊಂಗಿ ಹಾಳಿಗೆ ಅಂಟಿಸ್ಕೊಂತ ಕುಂತಾಗ "ಇದೇನ್ ಸಾಲಿ ಹುಡುಗರ ಕೆಲಸ ಹಚ್ಕೊಂಡೀ" ಅಂದೋರೇ ಬಾಳ ಮಂದಿ, ಈಗ ಅವರೇ ಗಿಡ ಹಿಡ್ಕೊಂಡು ನಮ್ಮ ಬಾಗಿಲಿಗೆ ಬರಾಕತ್ಯಾರ.

ಶುರು ಆಗಿದ್ದು ಲುಕ್ಸಾನಿಂದ. ಒಂದು ಗುಡಿ ಕಮಿಟಿಯವರು 700 ಬನ್ನಿ ಸಸಿ ಹೇಳಿದ್ರು, ಸಸಿಗೆ 25 ರೂಪಾಯಿ. ಬೀಜ ದಕ್ಷಿಣದ ಕಡೆಯಿಂದ ತರಿಸಿದೆ, ಪಾಕೀಟಿನ ಮ್ಯಾಲ 'ಬನ್ನಿ' ಅಂತ ಚಂದಗೆ ಬರೆದಿತ್ತು. ಮೊಳಕಿ ಚಲೋ ಬಂತು, ಸಸಿ ಮೊಣಕಾಲುದ್ದ ಆತು, ಆವಾಗ ಕಮಿಟಿ ಹಿರಿಯರೊಬ್ರು ಬಂದು ಮುಳ್ಳು ಸವರಿ ನೋಡಿ "ತಮ್ಮಾ, ಇದು ನಮ್ಮ ಬನ್ನಿ ಅಲ್ಲೋ" ಅಂದ್ರು. ಖರೇನ ಅಲ್ಲ. ಮುಳ್ಳು ಗೆಣ್ಣಿನ ಹತ್ರ ಜೋಡಿಜೋಡಿ ಇದ್ವು, ನಮ್ಮ ಬನ್ನಿಗೆ ಎರಡು ಗೆಣ್ಣಿನ ನಡುವ ಅಲ್ಲೊಂದು ಇಲ್ಲೊಂದು ಇರ್ತಾವ. ಹದಿನೇಳೋ ಹದಿನೆಂಟೋ ಸಾವಿರ ಹೋತು, ನೀರು ಕೂಲಿ ಲೆಕ್ಕ ಬ್ಯಾರೆ. ಬೀಜ ಕೊಟ್ಟವ ಸುಳ್ಳು ಹೇಳಿರಲಿಲ್ರಿ, ಅದಕ್ಕೂ ಬನ್ನಿ ಅಂತಾರ. ಶಾಸ್ತ್ರದ ಹೆಸರಿನಾಗ ಹೇಳಿದ್ರ ನಂಗ ಬೇಕಾಗಿದ್ದು ಪ್ರೊಸಾಪಿಸ್ ಸಿನೆರೇರಿಯಾ, ಬಂದಿದ್ದು ಜಾಲಿ ಜಾತಿಯ ಅಕೇಶಿಯಾ ಫೆರುಜಿನಿಯಾ. ಕಾಯಿ ಸಮೇತ ತರಿಸಿದ್ರ ಅಲ್ಲೇ ಗೊತ್ತಾಗ್ತಿತ್ತು, ನಮ್ಮದು ಉದ್ದಕ ಉರುಟು ಕಾಯಿ, ಒಳಗ ಸಿಹಿ ತಿರುಳು, ಅದರದು ಚಪ್ಪಟೆ. ಅವತ್ತಿಂದ ಬಿಡಿಸಿದ ಬೀಜ ನಾ ಕೊಳ್ಳೋದಿಲ್ಲ.

ಆಮೇಲೆ ಮಾಡಿದ್ದು ಇಷ್ಟ: ಬೀಜ ಕೊಡೋ ಪ್ರತಿ ತಾಯಿ ಗಿಡಕ್ಕ ಒಂದು ನಂಬರ್, ಅದೇ ನಂಬರಿನ ಹಾಳಿ, ಅದೇ ನಂಬರ್ ಬೀಜದ ಡಬ್ಬಿಗೆ, ಸಸಿ ಸಾಲಿಗೆ. ಹೆಸರು ಕಡೀಕ. ಹೂವು ಸಿಗೋತನಕ ಹೆಸರಿನ ಜಾಗ ಖಾಲಿ, ಜನ ಹೇಳೋ ಹೆಸರನ್ನ ಊರಿನ ಹೆಸರಿನ ಜೊತಿ ಪೆನ್ಸಿಲ್‌ನಾಗ ಬರೀತೀನಿ. ಮೊಬೈಲ್ ಆ್ಯಪ್ ಇರುವಾಗ ಇದೆಲ್ಲ ಯಾಕ ಅಂದ್ರು, ಒಂದೇ ಗಿಡದ ಮೂರು ಫೋಟೋಕ್ಕ ಆ ಆ್ಯಪ್ ಮೂರು ಹೆಸರು ಕೊಟ್ಟಿದ್ದನ್ನ ತೋರಿಸಿದೆ.

ಮೊದಲ 60 ಹಾಳಿ ಶ್ರಾವಣದ ಜಿಟಿಜಿಟಿ ಮಳಿಗೆ ಬೂಸ್ಟು ಹಿಡಿದು ಹೋದ್ವು. ಮುಂದಿನ ಸಲ ಬ್ಯಾಸಿಗಿಯಾಗ ಮಾಡಿದೆ, ನಮ್ಮ ಬಿಸಲಿಗೆ ನಾಕೇ ದಿನಕ್ಕ ಒಣಗಿದ್ವು, ಆದ್ರ ಹುಳ ಬಿದ್ದು ಹೂವಷ್ಟ ತಿಂದ್ವು. ಈಗ ಪ್ಲಾಸ್ಟಿಕ್ ಚೀಲದಾಗ ಗಟ್ಟಿ ಕಟ್ಟಿ ಒಂದು ವಾರ ಫ್ರೀಜರ್‌ನಾಗ ಇಟ್ಟು ತಗೀತೀನಿ, ಹುಳದ ಕಾಟ ನಿಂತೈತಿ. ಕಳ್ಳಿ ಜಾತಿದು ಬ್ಯಾರೇನ ಕಥಿ, ಹದಿನೈದು ದಿನ ಒತ್ತಿಟ್ಟು ತಗದ್ರ ಒಳಗ ಚಿಗುರಿತ್ತು! ಕುದಿಯೋ ನೀರಾಗ ಒಂದು ನಿಮಿಷ ಅದ್ದಿ ಆಮೇಲೆ ಒತ್ತಿದ ಮ್ಯಾಲ ದಾರಿಗೆ ಬಂತು. ತಂಗಡಿ ಹೂವಿನ ಹಳದಿ ಬಣ್ಣ ನನ್ನ ಹಾಳಿಯಾಗ ಹಂಗ ಉಳದೈತಿ, ಅದು ಹೆಂಗ ಅನ್ನೋದು ಮಾತ್ರ ನನ್ನ ಹತ್ರಾನ ಇರಲಿ.

ಹೂವು ನೋಡೋದು ಹಿಂಗ. ಅಕ್ಕಸಾಲಿಗರ ಭೂತಗನ್ನಡಿ, 250 ರೂಪಾಯಿ ಆಸುಪಾಸು, ಒಂದು ಕರಿ ಹಾಳಿ, ಒಂದು ಸೂಜಿ. ಬನ್ನಿ ತೆನಿಯಿಂದ ಒಂದು ಸಣ್ಣ ಹೂವು ಉದುರಿಸಿ ಬಿಡಿಸಿದ್ರ ಕೇಸರ, ಅಂದ್ರ ಪರಾಗದ ಎಳಿ, ಎಂಟು ಬಂದ್ವು, ಇನ್ನೊಂದ್ರಾಗ ಒಂಬತ್ತು. ಮುರಿದು ಹೋಗಿದ್ವು. ನಾಳೆ ಅರಳೋ ಮೊಗ್ಗು ತಗೊಂಡು ಸೀಳಿದೆ, ಸರಿಯಾಗಿ ಹತ್ತು, ಒಂದೊಂದ್ರ ತುದಿಗೆ ಪುಡಿ ಸಕ್ಕರಿಯಂಥಾ ಸಣ್ಣ ಗಂಟು. ಜಾಲಿದು ಬಿಡಿಸಿದ್ರ ಎಣಿಸಾಕ ಆಗದಷ್ಟು ಕೇಸರ. ಅವತ್ತ ಎದ್ದು ಹೊಲದಾಗ ಒಂದು ಸುತ್ತು ಹೊಡದು ಬಂದೆ, ಅಷ್ಟು ಖುಷಿ.

ಇದೇ ಲೆಕ್ಕದಾಗ ಬಳ್ಳಾರಿ ಜಾಲಿನೂ ನೋಡಿದೆ, ಕೇಸರ ಹತ್ತೇ! ಜಾಲಿ ಅಂತ ಕರಿಯೋದು, ಬಳ್ಳಾರಿ ಹೆಸರು ಬ್ಯಾರೆ, ಬಂದಿದ್ದು ಅಮೆರಿಕಾ ಖಂಡದಿಂದ, ಹತ್ತಿರದ ನೆಂಟ ನಮ್ಮ ಬನ್ನಿ. ಮೊದಲ ಎರಡೂ ಪ್ರೊಸಾಪಿಸ್ ಕುಲದಾಗ ಇದ್ವು, 2022ರಾಗ ಗಿಡಶಾಸ್ತ್ರದವರು ಇವನ್ನೂ ಬ್ಯಾರೆ ಮಾಡಿದ್ರು, ಬಳ್ಳಾರಿ ಜಾಲಿ ಈಗ ನೆಲ್ಟುಮಾ. ಸ್ವೀಡನ್ನಿನ ಗಿಡಪಂಡಿತ ಲಿನೇಯಸ್ 1767ರಾಗ ಪ್ರೊಸಾಪಿಸ್ ಅಂತ ಹೆಸರಿಟ್ಟಿದ್ದೇ ನಮ್ಮ ಬನ್ನಿ ಮ್ಯಾಲ, ಅದಕ್ಕ ಆ ಹೆಸರು ಬನ್ನಿಗೇ ಉಳೀತು. ಕರಿಜಾಲಿಗೆ ಆ ನ್ಯಾಯ ಸಿಗಲಿಲ್ಲ. ಅಕೇಶಿಯಾ ಹೆಸರಿಗೆ ಮೂಲ ಗಿಡ ಅದೇ ಇದ್ರೂ 2005ರಾಗ ವಿಯೆನ್ನಾದ ಸಸ್ಯಶಾಸ್ತ್ರ ಸಮ್ಮೇಳನದಾಗ ಹೆಸರನ್ನ ಆಸ್ಟ್ರೇಲಿಯಾದ ಗಿಡಗಳಿಗೆ ಕೊಟ್ರು, 2011ರಾಗ ಮೆಲ್ಬೋರ್ನ್‌ನಾಗ ಅದನ್ನೇ ಖಾಯಂ ಮಾಡಿದ್ರು, ನಮ್ಮದು ವ್ಯಾಚೆಲಿಯಾ ಆತು. ನಂಗ ಇನ್ನೂ ಸಿಟ್ಟೈತಿ. ನಾ ಹಳೇ ಹೆಸರು ಹೊಡದು ಹಾಕಂಗಿಲ್ಲ, ಕೆಳಗ ಹೊಸಾದು ಬರೀತೀನಿ, ಯಾಕಂದ್ರ ಗಿಡ ಗುರುತಿಸಾಕ ನಾ ನೋಡೋ ಗ್ಯಾಂಬಲ್ ಅನ್ನೋರ ಪುಸ್ತಕ 1915ರಿಂದ 1936ರ ತನಕ ಬಂದಿದ್ದು, ಅದ್ರಾಗ ಹಳೇ ಹೆಸರೇ ಇರ್ತಾವ. ಅದು ಮದ್ರಾಸ್ ಪ್ರಾಂತ್ಯದ್ದು, ಬಳ್ಳಾರಿ ಅದ್ರಾಗ ಇತ್ತು, ಕೊಪ್ಪಳ ನಿಜಾಮರ ಕಡೆ. ಆದ್ರೂ ಹೊಳಿ ದಾಟಿದ್ರ ಗಿಡ ಬದಲಾಗಂಗಿಲ್ಲ, ನಂಗ ಬಾಳ ಕಡೆ ಕೆಲಸಕ್ಕ ಬಂದೈತಿ.

ಈಗ ಸುಮಾರು 340 ಹಾಳಿ ಅದಾವ. ಅದೇ ಗುಡಿಯವರು ಹೋದ ವರ್ಷ ಮತ್ತ ಬಂದು 400 ಸಸಿ ಒಯ್ದ್ರು, ಸಸಿಗೆ 60 ರೂಪಾಯಿ, ತಾಯಿ ಗಿಡದ ಹಾಳಿ ನೋಡೇ ರೊಕ್ಕ ಕೊಟ್ರು. ಕುಷ್ಟಗಿ ಕಡೆ ತಂದ ಒಂದು ಹುಲ್ಲು, ನಂಬರ್ 211, ಇನ್ನೂ ಹೆಸರಿಲ್ಲದ ಕುಂತೈತಿ, ಈ ಮಳಿಗಾಲದಾಗ ತೆನಿ ಹಾಯ್ದ ಮ್ಯಾಲ ಮತ್ತ ಹೋಗಿ ತರ್ತೀನಿ.