ಸಹಾಯಾರ್ಥ ಬೈಕ್ ಸವಾರಿಗೆ ಹೊರಡುವ ಮುನ್ನ ಕಲಿಯಬೇಕಾದದ್ದು

ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಲೆಂದು ಭಾನುವಾರ ಬೆಳಿಗ್ಗೆ ಇಪ್ಪತ್ತು ಮೂವತ್ತು ಬೈಕುಗಳು ಒಟ್ಟಾಗಿ ಹೊರಡುವುದು ನಮ್ಮ ಊರುಗಳಲ್ಲಿ ಈಗ ಅಪರೂಪವಲ್ಲ. 2012ರಲ್ಲಿ ಸಿಡ್ನಿಯಲ್ಲಿ ಮಾರ್ಕ್ ಹವಾ ಆರಂಭಿಸಿದ ‘ಡಿಸ್ಟಿಂಗ್ವಿಷ್ಡ್ ಜೆಂಟಲ್‌ಮನ್ಸ್ ರೈಡ್’ ಬೆಂಗಳೂರಿನಲ್ಲೂ ನಡೆಯುತ್ತದೆ. ಸೂಟು ತೊಟ್ಟ ಸವಾರರು ನಗರ ಸುತ್ತಿ, ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆಗೂ ಗಂಡಸರ ಮಾನಸಿಕ ಆರೋಗ್ಯಕ್ಕೂ ದೇಣಿಗೆ ಸಂಗ್ರಹಿಸುತ್ತಾರೆ. ಇಂತಹ ಸವಾರಿಗಳಲ್ಲಿ ವೇಗ ಕಡಿಮೆಯಾದ್ದರಿಂದ ವಿಶೇಷ ತರಬೇತಿ ಬೇಕಿಲ್ಲವೆಂದು ಅನೇಕರು ಭಾವಿಸುತ್ತಾರೆ. ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಪರಸ್ಪರ ಪರಿಚಯವಿಲ್ಲದ, ಬೇರೆ ಬೇರೆ ಅಭ್ಯಾಸದ ಸವಾರರು ಹತ್ತಿರ ಹತ್ತಿರ ಸಾಗುವಾಗ ಒಬ್ಬರ ಗಾಬರಿ ಹಿಂದಿನ ನಾಲ್ವರಿಗೆ ತಟ್ಟುತ್ತದೆ.

ಕೆಲವು ವರ್ಷಗಳ ಹಿಂದೆ, ಸುಗ್ಗಿಯ ಕಾಲದಲ್ಲಿ, ಮಕ್ಕಳ ಚಿಕಿತ್ಸೆಗೆ ನಿಧಿ ಸಂಗ್ರಹಿಸುವ ಸವಾರಿಯೊಂದರಲ್ಲಿ ನಾವು ಮಾಗಡಿ ದಾಟಿ ಕುಣಿಗಲ್ ಕಡೆಗೆ ಹೊರಟಿದ್ದೆವು. ತಿರುವೊಂದರ ಆಚೆ ರೈತರು ಒಕ್ಕಣೆಗಾಗಿ ಹುರುಳಿಯನ್ನು ರಸ್ತೆಯ ಅರ್ಧಕ್ಕೆ ಹರಡಿದ್ದರು. ಒಣಗಿದ ಬಳ್ಳಿಯ ಕೆಳಗೆ ಉದುರಿದ ಕಾಳು ಟೈರಿನಡಿ ಗೋಲಿಯ ಹಾಗೆ ಉರುಳುತ್ತದೆ. ನನ್ನ ಮುಂದಿದ್ದ ಯುವಕ ಅದರ ಮೇಲೆ ಬಂದ ಮೇಲೆ ಬೆಚ್ಚಿ ಮುಂದಿನ ಬ್ರೇಕ್ ಹಿಡಿದ. ಗಂಟೆಗೆ 30 ಕಿ.ಮೀ. ಕೂಡ ಇರಲಿಲ್ಲ, ಆದರೂ ಬಿದ್ದು ಕಾಲರ್ ಬೋನ್ ಮುರಿದುಕೊಂಡ. ಅವನ ಪಕ್ಕದಲ್ಲಿದ್ದ, ತರಬೇತಿ ಪಡೆದಿದ್ದ ಮಹಿಳೆ ಹುರುಳಿ ಕಣ್ಣಿಗೆ ಬಿದ್ದ ಕೂಡಲೇ ವೇಗ ಇಳಿಸಿ, ಅದರ ಅಂಚು ತಲುಪುವ ಮೊದಲೇ ಬ್ರೇಕ್ ಬಿಟ್ಟು, ಬೈಕನ್ನು ನೆಟ್ಟಗೆ ಇಟ್ಟುಕೊಂಡು ದಾಟಿ ಹೋದರು. ಅಂದಿನಿಂದ ನಾನು ಸೇರುವ ಪ್ರತಿ ಸವಾರಿಗೂ ಒಂದು ತಿಂಗಳು ಮುಂಚೆ ಅಭ್ಯಾಸ ನಡೆಯಲೇಬೇಕೆಂದು ಒತ್ತಾಯಿಸುತ್ತೇನೆ.

ಅಭ್ಯಾಸವನ್ನು ಬ್ರೇಕಿನಿಂದಲೇ ಆರಂಭಿಸಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯ ಗುರುತಿಸಿ ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ, ಒಣ ಡಾಂಬರಿನ ಮೇಲೆ ಚೆನ್ನಾಗಿ ಬ್ರೇಕ್ ಹಾಕಿದರೂ ನಿಲ್ಲಲು ಒಟ್ಟು ಸುಮಾರು 37 ಮೀಟರ್ ಬೇಕು, 80 ಕಿ.ಮೀ. ವೇಗದಲ್ಲಿ ಅದು 57 ಮೀಟರ್ ದಾಟುತ್ತದೆ. ಬ್ರೇಕ್ ಹಾಕಿದೊಡನೆ ಭಾರವೆಲ್ಲ ಮುಂದಿನ ಚಕ್ರಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ ಆಗಿರುತ್ತದೆ, ಆದರೆ ಅದನ್ನು ಒಮ್ಮೆಲೇ ಕಿತ್ತು ಹಿಡಿಯದೆ, ಒದ್ದೆ ಬಟ್ಟೆ ಹಿಂಡುವ ಹಾಗೆ ಬಿಗಿ ಹೆಚ್ಚಿಸುತ್ತಾ ಹೋಗಬೇಕು. ಖಾಲಿ ಮೈದಾನದಲ್ಲಿ 30 ಕಿ.ಮೀ. ವೇಗದಿಂದ ತೊಡಗಿ, ಕೈ ಒಗ್ಗಿದ ಮೇಲೆ ಮಾತ್ರ ವೇಗ ಏರಿಸಿರಿ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರಿಂದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ. ಅದು ಕೆಲಸ ಮಾಡುವಾಗ ಲಿವರ್ ನಡುಗುವುದನ್ನು ಮೈದಾನದಲ್ಲೇ ಅನುಭವಿಸದ ಸವಾರ ರಸ್ತೆಯಲ್ಲಿ ಹೆದರಿ ಕೈ ಸಡಿಲಿಸಿಬಿಡುತ್ತಾನೆ.

ಎರಡನೆಯದು ನೋಟ. ಕಣ್ಣು ಎಲ್ಲಿ ನೆಡುತ್ತದೆಯೋ ಬೈಕು ಅತ್ತಲೇ ಹೋಗುತ್ತದೆ; ಗುಂಡಿಯನ್ನೇ ದಿಟ್ಟಿಸಿದವರು ಗುಂಡಿಗೇ ಬೀಳುವುದು ಇದರಿಂದಲೇ. ತಿರುವಿನಲ್ಲಿ ರಸ್ತೆಯ ಎರಡು ಅಂಚುಗಳು ಕೂಡಿದಂತೆ ಕಾಣುವ ಜಾಗ ನಿಮ್ಮಿಂದ ದೂರ ಸರಿಯುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ, ಹತ್ತಿರ ಬರುತ್ತಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ.

ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟರ ಆಕಾರ ಸುತ್ತಿದ ಮಾತ್ರಕ್ಕೆ ಇವು ಬರುವುದಿಲ್ಲ. ಕೀತ್ ಕೋಡ್ 1980ರಲ್ಲಿ ಸ್ಥಾಪಿಸಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಶಿಬಿರ ನಡೆಸಿದೆ. ತಿರುವಿನ ಪಾಠಕ್ಕೆ ಅದು ಉತ್ತಮ, ಆದರೆ ದುಬಾರಿ. ಬ್ರಿಟನ್ನಿನ ‘ಬೈಕ್‌ಸೇಫ್’ ಯೋಜನೆಯಲ್ಲಿ ನುರಿತ ಪೊಲೀಸ್ ಸವಾರರು ಸಾಮಾನ್ಯ ಸವಾರರ ಹಿಂದೆ ಸಾಗಿ, ಆಮೇಲೆ ಕುಳಿತು ತಪ್ಪುಗಳನ್ನು ತಿಳಿಸುತ್ತಾರೆ. ಈ ಕ್ರಮವನ್ನು ಯಾವ ಬೈಕ್ ಬಳಗವಾದರೂ ಅನುಸರಿಸಬಹುದು, ತರಬೇತಿ ಪಡೆದ ಒಬ್ಬರಿದ್ದರೆ ಸಾಕು. ಇನ್ನೊಬ್ಬರ ಕಣ್ಣಿಗೆ ಬೀಳುವ ತಪ್ಪು ಹತ್ತು ವರ್ಷ ಬೈಕ್ ಓಡಿಸಿದರೂ ನಮಗೆ ಕಾಣದೆ ಹೋಗಬಹುದು.

ಸವಾರಿಯ ದಿನ ಐದರಿಂದ ಏಳು ಬೈಕುಗಳ ಗುಂಪುಗಳನ್ನು ಮಾಡಿ, ಪ್ರತಿಯೊಂದಕ್ಕೂ ಮುಂದೆ ದಾರಿ ತೋರುವ ‘ಲೀಡ್’, ಕೊನೆಯಲ್ಲಿ ಯಾರೂ ಹಿಂದುಳಿಯದಂತೆ ನೋಡಿಕೊಳ್ಳುವ ‘ಸ್ವೀಪ್’ ಸವಾರರನ್ನು ನೇಮಿಸಬೇಕು. ಹೊಸಬರು ಲೀಡ್‌ನ ಬೆನ್ನಿಗೇ ಇರಲಿ. ನೇರ ರಸ್ತೆಯಲ್ಲಿ ಲೀಡ್ ಲೇನಿನ ಬಲಭಾಗದಲ್ಲಿ, ಎರಡನೆಯವರು ಎಡಭಾಗದಲ್ಲಿ ಒಂದು ಸೆಕೆಂಡ್ ಹಿಂದೆ, ಮೂರನೆಯವರು ಮತ್ತೆ ಬಲದಲ್ಲಿ, ಹೀಗೆ ಸಾಗಬೇಕು. ನೇರ ಮುಂದಿರುವ ಬೈಕಿಗೂ ನಿಮಗೂ ಎರಡು ಸೆಕೆಂಡ್ ಅಂತರವಿರಲಿ. ತಿರುವು, ಕಿರಿದಾದ ರಸ್ತೆ, ಮಳೆ, ಬಣ್ಣ ಬಳಿಯದ ಹಂಪ್ಸ್ ಇರುವ ಹಳ್ಳಿ ಬಂದಾಗ ಒಂದೇ ಸಾಲಾಗಿ ಹೋಗಬೇಕು. ಮುಂದಿನವರು ಓವರ್‌ಟೇಕ್ ಮಾಡಿದರೆಂದು ಹಿಂದಿನವರು ಕಣ್ಣುಮುಚ್ಚಿ ಹಿಂಬಾಲಿಸಬಾರದು; ಅವರಿಗಿದ್ದ ತೆರವು ನಿಮಗಿರುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ನಿಷೇಧವಿರುವುದರಿಂದ ಆ ಕಡೆ ಹೋಗುವವರು ಸರ್ವೀಸ್ ರಸ್ತೆಯ ಸಮಯವನ್ನೇ ಲೆಕ್ಕ ಹಾಕಿಕೊಳ್ಳಬೇಕು.

ದೇಣಿಗೆಯನ್ನು ಸಾಧ್ಯವಾದಷ್ಟೂ ಸಂಸ್ಥೆಯ ಖಾತೆಗೇ ನೇರವಾಗಿ ಹಾಕಿಸಿರಿ. ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ (80ಜಿ) ಬಯಸುವ ದಾನಿಗಳಿಗೆ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದು ಸಿಗುವುದಿಲ್ಲವೆಂದು ಮೊದಲೇ ತಿಳಿಸಿರಿ.

ಯಾರಾದರೂ ಬಿದ್ದರೆ ಮೊದಲು ಹಿಂದಿನಿಂದ ಬರುವ ವಾಹನಗಳನ್ನು ನಿಧಾನಗೊಳಿಸಿ, 108 ಅಥವಾ 112ಕ್ಕೆ ಕರೆ ಮಾಡಿರಿ. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಗಾಯಾಳುವಿನ ಹೆಲ್ಮೆಟ್ ತೆಗೆಯದೆ, ಕುತ್ತಿಗೆ ಅಲುಗದಂತೆ ಒಬ್ಬರು ತಲೆಯನ್ನು ಹಿಡಿದುಕೊಂಡಿರಲಿ. ಉಳಿದವರನ್ನು ಲೀಡ್ ಮುಂದಿನ ಸುರಕ್ಷಿತ ಜಾಗಕ್ಕೆ ಕರೆದೊಯ್ಯಬೇಕು, ಸ್ವೀಪ್ ಮಾತ್ರ ಆಂಬುಲೆನ್ಸ್ ಬರುವವರೆಗೂ ಅಲ್ಲೇ ಉಳಿಯಬೇಕು.