ಪೆನ್ಸಿಲ್ ಚೀಟಿ, ನೀನು, ನೀವು

ಇ. ಎಂ. ಫಾರ್‌ಸ್ಟರ್ ಅವರ ‘ಹೋವರ್ಡ್ಸ್ ಎಂಡ್’ 1910ರ ಕಾದಂಬರಿ. ಅದರ ಕೆಲವು ಅಧ್ಯಾಯಗಳನ್ನು ಸುಮ್ನೆ ನನ್ನ ಖುಷಿಗೆ ಕನ್ನಡಕ್ಕೆ ಮಾಡುತ್ತಿದ್ದೆ. ಹೋವರ್ಡ್ಸ್ ಎಂಡ್ ಅನ್ನೋದು ಕಥೆಯಲ್ಲಿನ ಒಂದು ಮನೆ. ಆ ಮನೆಯ ಎಲ್ಮ್ ಮರಕ್ಕೆ ಏನನ್ನಬೇಕು ಅನ್ನೋದೇ ದೊಡ್ಡ ತಲೆನೋವು ಅಂದುಕೊಂಡಿದ್ದೆ. (ಅದರ ತೊಗಟೆಗೆ ಹಂದಿಯ ಹಲ್ಲು ಚುಚ್ಚಿರುತ್ತಾರೆ. ತೊಗಟೆ ಅಗಿದರೆ ಹಲ್ಲುನೋವು ಹೋಗುತ್ತದಂತೆ!) ಕೊನೆಗೆ ಎಲ್ಮ್ ಅಂತಲೇ ಉಳಿಸಿದೆ. ನಿಜವಾಗಿ ಕಾಡಿದ್ದು ‘ಯೂ’ ಅನ್ನೋ ಪುಟ್ಟ ಪದ.

ಲೆನರ್ಡ್ ಬಾಸ್ಟ್ ವಿಮಾ ಕಂಪನಿಯ ಬಡ ಗುಮಾಸ್ತ. ಸಂಗೀತ ಕಛೇರಿಯಲ್ಲಿ ಹೆಲೆನ್ ಮರೆತು ಅವನ ಛತ್ರಿ ಎತ್ತಿಕೊಂಡು ಹೋಗುತ್ತಾಳೆ. ಅದನ್ನು ಕೇಳಿಕೊಂಡು ಅವನು ಹೆಲೆನ್ ಮತ್ತು ಅವಳ ಅಕ್ಕ ಮಾರ್ಗರೆಟ್ ಶ್ಲೆಗೆಲ್ ಇರುವ ಮನೆಗೆ ಬರುತ್ತಾನೆ. ಅವರಿಬ್ಬರಿಗೂ ದುಡಿಯದೆ ವರ್ಷಕ್ಕೆ ತಲಾ 600 ಪೌಂಡ್ ಬರುತ್ತದೆ. ನಾನು ಯೋಚಿಸದೆ ಲೆನರ್ಡ್‌ಗೆ ‘ನೀನು’ ಅಂತ ಹಾಕಿದ್ದೆ. ಓದಿ ಹೇಳಿದಾಗ ಅಮ್ಮ ಕೇಳಿದರು: “ಇವನು ಅವರ ಮನೆ ಆಳಾ?”

ನಾಚಿಕೆಯಾಯಿತು. ಇಂಗ್ಲಿಷಿನಲ್ಲಿ ಅವರು ಅವನನ್ನು ‘ಮಿಸ್ಟರ್ ಬಾಸ್ಟ್’ ಅನ್ನುತ್ತಾರೆ. ಏಕವಚನ ನನ್ನದು, ಅವರದಲ್ಲ. ಎಲ್ಲ ಮಾತುಗಳನ್ನೂ ‘ನೀವು’ ಮಾಡಿದೆ. ಹೆಲೆನ್ ಅವನ ಮಗುವಿನ ತಾಯಿಯಾಗುವಷ್ಟು ಹತ್ತಿರ ಬಂದಾಗಲೂ ಬದಲಿಸಲಿಲ್ಲ. ಅದು ಸರಿಯೋ ಅಂತ ಈಗಲೂ ಅನುಮಾನ. ಶ್ರೀಮಂತ ಹೆನ್ರಿ ವಿಲ್ಕಾಕ್ಸ್‌ನ ಬಾಯಲ್ಲಿ ಮಾತ್ರ ‘ನಿಮ್ಮ ಆ ಹುಡುಗ’ ಅಂತ ಬಿಟ್ಟೆ. ಕಂಪನಿ ಮುಳುಗುತ್ತದೆ, ಆ ಹುಡುಗ ಬಿಟ್ಟು ಹೋಗಲಿ ಅಂತ ಅವನು ಹಗುರಾಗಿ ಹೇಳಿಬಿಡುತ್ತಾನೆ. ಲೆನರ್ಡ್ ಕಡಿಮೆ ಸಂಬಳದ ಬ್ಯಾಂಕ್ ಕೆಲಸಕ್ಕೆ ಸೇರುತ್ತಾನೆ, ಅದೂ ಹೋಗುತ್ತದೆ. ಕಂಪನಿ ಮುಳುಗುವುದಿಲ್ಲ.

ಇನ್ನೊಂದು ತಪ್ಪು ಚೀಟಿಯದು. ಹೆನ್ರಿಯ ಹೆಂಡತಿ ರೂತ್ ಸಾಯುವ ಮುಂಚೆ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆಯುತ್ತಾಳೆ. ತನ್ನ ಸ್ವಂತದ ಹೋವರ್ಡ್ಸ್ ಎಂಡ್ ಮನೆ ಮಾರ್ಗರೆಟ್ ಶ್ಲೆಗೆಲ್‌ಗೆ ಹೋಗಲಿ ಅಂತ. ಸಹಿ ಇಲ್ಲ, ತಾರೀಕಿಲ್ಲ. ನಾನು ಮೊದಲು ‘ಕೊಟ್ಟಿದ್ದೇನೆ’ ಅಂತ ಬರೆದಿದ್ದೆ. ಹಾಗಂದರೆ ಅದು ಉಯಿಲಿನ ಮಾತಾಯಿತು, ಅಲ್ವಾ? ಚೀಟಿ ಹರಿದು ಬೆಂಕಿಗೆ ಹಾಕುವ ಮನೆಯವರು ಬರೀ ಕಳ್ಳರಾಗಿಬಿಡುತ್ತಾರೆ. ಫಾರ್‌ಸ್ಟರ್ ಅವರನ್ನು ಅಷ್ಟು ಸುಲಭವಾಗಿ ದೂರುವುದಿಲ್ಲ. ಹೊಡೆದುಹಾಕಿ, ‘ಸಿಗಲಿ ಅಂತ ನನ್ನಾಸೆ’ ಅಂತ ತಿದ್ದಿದೆ.

ಕೊನೆಯ ಅಧ್ಯಾಯಕ್ಕೆ ಬಂದಾಗ ಇದೇ ‘ಆಸೆ’ ಮತ್ತೆ ಬೇಕಾಯಿತು. ಮಾರ್ಗರೆಟ್ ಈಗ ಹೆನ್ರಿಯ ಎರಡನೇ ಹೆಂಡತಿ, ತನ್ನ ನಂತರ ಆ ಮನೆ ಅವಳಿಗೇ ಅಂತ ಹೆನ್ರಿ ಹೇಳಿದ್ದಾನೆ. ಸೊಸೆ ಡಾಲಿ ಬಾಯಿತಪ್ಪಿ ಹಳೇ ಚೀಟಿಯ ಗುಟ್ಟು ಬಿಡುತ್ತಾಳೆ. ಮಾರ್ಗರೆಟ್ ವಿಚಾರಿಸಿದಾಗ ಹೆನ್ರಿಯ ಉತ್ತರವನ್ನು ಹೀಗೆ ಬರೆದೆ: ಕಾಯಿಲೆಯವಳ ಏನೋ ಒಂದು ಆಸೆ, ಪಕ್ಕಕ್ಕಿಟ್ಟೆ.