ಸೈಟ್ ನಿಮ್ಮದು, ಕಾಯಿಸುವವರು ಬೇರೆಯವರು

ನವೆಂಬರ್ ಬಂತೆಂದರೆ ಮಂಗಳೂರು, ಉಡುಪಿ ಕಡೆ ಯಕ್ಷಗಾನ ಮೇಳಗಳ ತಿರುಗಾಟ ಶುರು. ಮೇಳಗಳು ತಿರುಗಾಟ ಮುಗಿಸುವ ಪತ್ತನಾಜೆಯವರೆಗೂ ಸಂಜೆಯಾದರೆ ಒಂದೇ ಪ್ರಶ್ನೆ: ಇವತ್ತು ಆಟ ಎಲ್ಲಿ? ಇದಕ್ಕೆಂದೇ ಒಬ್ಬ ಅಭಿಮಾನಿ ಸ್ವಂತ ವೆಬ್‌ಸೈಟ್ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಆ ದಿನದ ಮೇಳ, ಪ್ರಸಂಗ, ಜಾಗ ಎಲ್ಲ ಬರೆದರೂ ಹತ್ತು ಕೆಬಿ ದಾಟುವುದಿಲ್ಲ. ಆದರೂ ಪುಟ ತೆರೆಯುವಷ್ಟರಲ್ಲಿ ಚೌಕಿಯಲ್ಲಿ, ಅಂದರೆ ವೇಷ ಹಾಕುವ ಜಾಗದಲ್ಲಿ, ಬಣ್ಣ ಹಚ್ಚಿ ಮುಗಿದಿರುತ್ತದೆ!

ಯಾಕೆಂದರೆ ಮೇಲೆ ಹವಾಮಾನದ ಡಬ್ಬಿ, ನಡುವೆ ಮೂರು ಯೂಟ್ಯೂಬ್ ವಿಡಿಯೋ, ಪಕ್ಕದಲ್ಲಿ ಫೇಸ್‌ಬುಕ್ ಪೇಜ್, ಕೆಳಗೆ ಗೂಗಲ್ ಮ್ಯಾಪ್, ಮೂಲೆಯಲ್ಲಿ ಚಾಟ್ ಗುಂಡಿ, ಜತೆಗೆ ಎಷ್ಟು ಜನ ಬಂದರೆಂದು ಎಣಿಸುವ ಕೌಂಟರ್. ಇದರಲ್ಲಿ ಒಂದೂ ಅವರ ಸರ್ವರಿನದ್ದಲ್ಲ. ಬೇರೆಯವರ ಸೈಟಿನಿಂದ ತಂದು ಅಂಟಿಸಿದ ಇಂಥ ತುಣುಕುಗಳೇ ವಿಜೆಟ್.

ಹೊಸ ಡೊಮೇನ್, ಅಂದರೆ ಬೇರೆ ಸೈಟಿನ ಹೆಸರು, ಬಂದಾಗಲೆಲ್ಲ ಬ್ರೌಸರ್ ಡಿಎನ್‌ಎಸ್‌ನಲ್ಲಿ ವಿಳಾಸ ಹುಡುಕಬೇಕು, ಸಂಪರ್ಕ ಕಟ್ಟಬೇಕು, ಟಿಎಲ್‌ಎಸ್ ಭದ್ರತೆಯ ಮಾತುಕತೆ ಮುಗಿಸಬೇಕು. ಸಿಗ್ನಲ್ ಕಮ್ಮಿ ಇರುವ ಬಯಲಿನಲ್ಲಿ ಒಮ್ಮೆ ಹೋಗಿಬರಲು 150 ಮಿಲಿಸೆಕೆಂಡ್ ಹಿಡಿಯಿತು ಎನ್ನಿ. ಈ ಮೂರಕ್ಕೇ ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಹೋಯಿತು. ಇನ್ನೂ ವಿಜೆಟ್‌ನ ಒಂದು ಬೈಟೂ ಬಂದಿಲ್ಲ. ಬಂದ ಸ್ಕ್ರಿಪ್ಟ್, ಅಂದರೆ ವಿಜೆಟ್ ನಡೆಸುವ ಕೋಡ್, ಸುಮ್ನೆ ಕೂರುವುದೂ ಇಲ್ಲ, ಮತ್ತೆ ನಾಲ್ಕು ಕಡೆಯಿಂದ ಸಾಮಾನು ತರಿಸುತ್ತದೆ. ಪುಟಕ್ಕೆ ನೇರವಾಗಿ ಸೇರಿಸಿದ ಸ್ಕ್ರಿಪ್ಟ್‌ಗಳು ಓಡುವುದು ಬ್ರೌಸರಿನ ಒಂದೇ ಮುಖ್ಯ ಥ್ರೆಡ್ (ಕೆಲಸದ ಸಾಲು) ಮೇಲೆ. ಅದು ಬಿಡುವಾಗುವ ತನಕ ಮೆನು ಒತ್ತಿದರೂ ತೆರೆಯುವುದಿಲ್ಲ.

ಮೊದಲು ಅಳೆಯಿರಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಹೊಸ ಇನ್‌ಕಾಗ್ನಿಟೊ ವಿಂಡೋ ತೆರೆದು ನಿಮ್ಮ ಸೈಟಿಗೆ ಹೋಗಿ ಎಫ್12 ಒತ್ತಿ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ವೇಗವನ್ನು 3ಜಿಗೆ ಇಳಿಸಿ, ಪುಟ ರಿಫ್ರೆಶ್ ಮಾಡಿ. ಮನೆಯ ಫೈಬರ್‌ನಲ್ಲಿ ನೋಡಿ 'ಚೆನ್ನಾಗೇ ಓಡ್ತದಲ್ಲ ಮಾರಾಯ್ರೆ' ಎಂದರೆ ಪ್ರಯೋಜನ ಇಲ್ಲ. ಬರುವ ಪಟ್ಟಿಯಲ್ಲಿ ನಿಮ್ಮದಲ್ಲದ ಡೊಮೇನ್‌ಗಳನ್ನು ಬರೆದುಕೊಳ್ಳಿ. ಒಂದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆ ಡೊಮೇನನ್ನು ಬ್ಲಾಕ್ ಮಾಡುವ ಆಯ್ಕೆ ಸಿಗುತ್ತದೆ. ಬ್ಲಾಕ್ ಮಾಡಿ, ಮತ್ತೆ ರಿಫ್ರೆಶ್ ಮಾಡಿ. ಒಂದೊಂದಾಗಿ ಹೀಗೆ ಮಾಡಿದರೆ ಯಾರು ಎಷ್ಟು ಕಾಯಿಸುತ್ತಿದ್ದಾರೆಂದು ಗೊತ್ತಾಗುತ್ತದೆ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲೂ ಒಮ್ಮೆ ನೋಡಿ. ಅಲ್ಲಿ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿದರೆ ಒಳ್ಳೆಯದು ಎಂಬ ಲೆಕ್ಕ.

ಆಮೇಲೆ ಕಿತ್ತುಹಾಕಿ. ಹವಾಮಾನ ಎಲ್ಲರ ಫೋನಿನಲ್ಲೂ ಇದೆ. ಶೇರ್ ಮಾಡುವ ಸೌಲಭ್ಯ ಬ್ರೌಸರಿನಲ್ಲೇ ಇದೆ. ಹಳೆಯ ವಿಜೆಟ್‌ಗಳ ಕಥೆಯಂತೂ ಕೇಳಬೇಡಿ. ಶೇರ್ ಬಟನ್ ಕೊಡುತ್ತಿದ್ದ ಆ್ಯಡ್‌ದಿಸ್ 2023ರ ಮೇ ತಿಂಗಳಲ್ಲೇ ಬಾಗಿಲು ಹಾಕಿತು. ಅದರ ಕೋಡ್ ನಿಮ್ಮಲ್ಲಿ ಉಳಿದಿದ್ದರೆ, ಇಲ್ಲದ ಮನೆಯ ಬಾಗಿಲು ತಟ್ಟುವುದೇ ಆಯಿತು. ನಿಧಾನ ಮಾತ್ರವಲ್ಲ, ಅಪಾಯವೂ ಇದೆ. ಹಳೆಯ ಬ್ರೌಸರ್‌ಗಳಿಗೆ ನೆರವಾಗುವ ಸ್ಕ್ರಿಪ್ಟ್ ಕೊಡುತ್ತಿದ್ದ ಪಾಲಿಫಿಲ್ ಡಾಟ್ ಐಒ ಡೊಮೇನ್ ಬೇರೆಯವರ ಕೈಗೆ ಹೋದ ಮೇಲೆ, 2024ರ ಜೂನ್‌ನಲ್ಲಿ ಅದರ ಸ್ಕ್ರಿಪ್ಟ್ ಕೆಲವು ಓದುಗರನ್ನು ಮೋಸದ ಸೈಟ್‌ಗಳಿಗೆ ತಳ್ಳುತ್ತಿದ್ದುದು ಬಯಲಾಯಿತು. ಸೈಟಿನ ಯಜಮಾನರು ಯಾವ ಬದಲಾವಣೆಯನ್ನೂ ಮಾಡಿರಲಿಲ್ಲ.

ಬೇಕೇ ಬೇಕು ಎನ್ನುವುದನ್ನು ಸಾದಾ ಲಿಂಕ್ ಮಾಡಿ. ಮ್ಯಾಪ್ ಬದಲು 'ದಾರಿ ತೋರಿಸು' ಎಂಬ ಲಿಂಕ್ ಸಾಕು, ಒತ್ತಿದರೆ ಫೋನಿನ ಮ್ಯಾಪ್ ಆ್ಯಪ್ ತೆರೆಯುತ್ತದೆ. ಚಾಟ್ ಗುಂಡಿಯ ಬದಲು ನಿಮ್ಮ ನಂಬರಿನ ವಾಟ್ಸ್ಆ್ಯಪ್ ಲಿಂಕ್ ಹಾಕಿ.

ವಿಡಿಯೋ ವಿಷಯ ಮಾತ್ರ ಸ್ವಲ್ಪ ಬೇರೆ. ಯೂಟ್ಯೂಬ್ ಪ್ಲೇಯರನ್ನು ಮಾಮೂಲಿ ರೀತಿಯಲ್ಲಿ ಸೇರಿಸಿದರೆ, ಯಾರೂ ಪ್ಲೇ ಒತ್ತದಿದ್ದರೂ ಅರ್ಧ ಎಂಬಿಗಿಂತ ಜಾಸ್ತಿ ಇಳಿಯುತ್ತದೆ. ಅದರ ಬದಲು ವಿಡಿಯೋದ ಒಂದು ಚಿತ್ರ ಇಟ್ಟು, ಮೇಲೆ ಪ್ಲೇ ಗುರುತು ಹಾಕಿ. ಒತ್ತಿದಾಗ ಮಾತ್ರ ನಿಜವಾದ ಪ್ಲೇಯರ್ ಬರಲಿ. ಇದಕ್ಕೆ 'ಲೈಟ್ ಯೂಟ್ಯೂಬ್ ಎಂಬೆಡ್' ಎಂಬ ಉಚಿತ ಕೋಡ್ ಇದೆ. ಅಷ್ಟು ಕಷ್ಟ ಬೇಡ ಎಂದರೆ ವಿಡಿಯೋ ಕೂರಿಸುವ ಕೋಡ್ ಆದ ಐಫ್ರೇಮ್‌ಗೆ 'ಲೋಡಿಂಗ್' ಎಂಬ ಗುಣ ಸೇರಿಸಿ, ಅದರ ಮೌಲ್ಯ 'ಲೇಜಿ' ಎಂದಿಡಿ (loading="lazy"). ಓದುಗರು ಅಲ್ಲಿಗೆ ಸ್ಕ್ರೋಲ್ ಮಾಡುತ್ತಾ ಬರುವ ತನಕ ಅದು ಇಳಿಯುವುದಿಲ್ಲ. ಅಗಲ, ಎತ್ತರ ಬರೆಯಲು ಮರೆಯಬೇಡಿ. ಇಲ್ಲವಾದರೆ ಓದುತ್ತಿರುವಾಗಲೇ ಸಾಲುಗಳು ಕೆಳಗೆ ಜಿಗಿಯುತ್ತವೆ. ಪುಟ ತೆರೆದ ಕೂಡಲೇ ಮೇಲ್ಭಾಗದಲ್ಲೇ ಕಾಣುವ ವಿಡಿಯೋಗೆ ಈ ಲೇಜಿ ಉಪಾಯ ನಡೆಯುವುದಿಲ್ಲ, ಚಿತ್ರದ ದಾರಿಯೇ ಗತಿ.

ಉಳಿದ ಸ್ಕ್ರಿಪ್ಟ್‌ಗಳಿಗೆ 'ಡಿಫರ್' ಸೇರಿಸಿ. ಹಾಗೆ ಮಾಡಿದರೆ ಪುಟದ ಬರಹ ಓದಿ ಮುಗಿಸಿದ ಮೇಲೆಯೇ ಬ್ರೌಸರ್ ಅವನ್ನು ಓಡಿಸುತ್ತದೆ. ಭಾರ ಕಮ್ಮಿಯಾಗುವುದಿಲ್ಲ, ಸರದಿ ಮಾತ್ರ ಹಿಂದೆ ಹೋಗುತ್ತದೆ. ಆಟ ಆಡಿಸುವ ಸೇವಾಕರ್ತರಿಂದ ಹಣ ಪಡೆಯುವ ಪೇಮೆಂಟ್ ಬಟನ್‌ನಂಥದ್ದನ್ನು ಬಿಡಲಾಗುವುದಿಲ್ಲ ಅಲ್ವಾ? ಅದಕ್ಕೊಂದು ಬೇರೆ ಪುಟ ಮಾಡಿ, ಮುಖಪುಟದಿಂದ ಲಿಂಕ್ ಕೊಡಿ.

ಕೌಂಟರ್ ತೆಗೆಯಲು ಹಲವರಿಗೆ ಮನಸ್ಸಾಗುವುದಿಲ್ಲ. ಎಷ್ಟು ಜನ ಬಂದರೆಂಬ ಲೆಕ್ಕವನ್ನು ಹೆಚ್ಚಿನ ಹೋಸ್ಟಿಂಗ್‌ನವರು ಸರ್ವರ್ ಲಾಗ್‌ನಲ್ಲೇ ಇಟ್ಟಿರುತ್ತಾರೆ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ನೀವೊಬ್ಬರೇ ನೋಡಿಕೊಳ್ಳಬಹುದು.